ಜೀವಕೋಶದ ಮಾತು: ಬಿ.ಜಿ.ಎಲ್. ಸ್ವಾಮಿ ಅವರ ಬದುಕು ಮತ್ತು ನಮ್ಮ ಹತ್ತನೆಯ ತರಗತಿ

ಬಿ.ಜಿ.ಎಲ್. ಸ್ವಾಮಿ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ‘ಹಸಿರು ಹೊನ್ನು’. ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಸುತ್ತುವ ಮೇಷ್ಟರು, ಅವರ ತಮಾಷೆ, ನಡುನಡುವೆ ಗಿಡಗಳ ರೇಖಾಚಿತ್ರ. ಆದರೆ ಸ್ವಾಮಿಯವರ ವೃತ್ತಿ ಹಾಸ್ಯವಲ್ಲ. ಅವರು ಸಸ್ಯಭ್ರೂಣಶಾಸ್ತ್ರಜ್ಞರು. ಹೂವು ಅರಳಿದ ಮೇಲೆ, ಕಾಯಿ ಬಲಿಯುವ ಮೊದಲು, ಅಂಡಾಶಯದ ಒಳಗೆ ಏನೇನು ನಡೆಯುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಜೀವಮಾನದ ಕೆಲಸವಾಗಿತ್ತು.

ಈ ಬಾರಿಯ ಅಭ್ಯಾಸ ಬೋಧನೆಗೆ ನನ್ನನ್ನು ಸಿದ್ದಾಪುರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಗೆ ನಿಯೋಜಿಸಿದ್ದರು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ನಿಯಂತ್ರಣ ಮತ್ತು ಸಹಭಾಗಿತ್ವ’, ‘ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?’ ಎಂಬ ಎರಡು ಘಟಕಗಳು ನನ್ನ ಪಾಲಿಗೆ ಬಂದವು. ಮೊದಲನೆಯದರಲ್ಲಿ ಹಾರ್ಮೋನುಗಳ ಪಟ್ಟಿ. ಎರಡನೆಯದರಲ್ಲಿ ಹೂವಿನ ಉದ್ದ ಸೀಳಿಕೆಯ ಚಿತ್ರ. ಮಕ್ಕಳು ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಎರಡೂ ಘಟಕಗಳ ಬುಡದಲ್ಲಿರುವ ಪ್ರಶ್ನೆ ಒಂದೇ: ತಾನು ಏನು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಒಂದು ಜೀವಕೋಶ ಇನ್ನೊಂದರಿಂದ ಹೇಗೆ ತಿಳಿಯುತ್ತದೆ? ಈ ಪ್ರಶ್ನೆಯ ದಾರದಿಂದ ಎರಡು ಘಟಕಗಳನ್ನು ಹೊಲಿಯಲು ನಾನು ಸ್ವಾಮಿಯವರ ಜೀವನವನ್ನು ಬಳಸಿದೆ. ಸಹಪ್ರಶಿಕ್ಷಣಾರ್ಥಿಗಳಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಹುಟ್ಟಿದ್ದು 1918ರಲ್ಲಿ. ತಂದೆ ಡಿ.ವಿ. ಗುಂಡಪ್ಪನವರು ಪತ್ರಕರ್ತರು, ‘ಮಂಕುತಿಮ್ಮನ ಕಗ್ಗ’ದ ಕವಿ. ಸ್ವಾಮಿ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತಾಯಿ ತೀರಿಕೊಂಡರು, ತಂದೆ ಮರುಮದುವೆಯಾಗಲಿಲ್ಲ. ನಮ್ಮ ಶಾಲೆಯಿಂದ ಲಾಲ್‌ಬಾಗನ್ನು ಹಾಯ್ದು ಪಶ್ಚಿಮ ದ್ವಾರದಲ್ಲಿ ಹೊರಬಿದ್ದು ಮುಂದೆ ನಡೆದರೆ ಬಸವನಗುಡಿ, ಡಿ.ವಿ.ಜಿ. ಹೆಸರಿನ ರಸ್ತೆ ಅಲ್ಲಿದೆ. ಇದನ್ನು ಹೇಳಿದಾಗ ತರಗತಿಯಲ್ಲಿ ಒಂದು ಚಲನೆ ಕಂಡಿತು. ಮಕ್ಕಳ ಮನಸ್ಸಿನಲ್ಲಿ ವಿಜ್ಞಾನಿ ಎಂದರೆ ದೂರದೇಶದ ಗಡ್ಡದ ಮುದುಕ. ತಾವು ದಿನವೂ ಬಸ್ಸಿನಲ್ಲಿ ಹಾದುಹೋಗುವ ಬೀದಿಗಳ ಮನೆಯಿಂದಲೂ ವಿಜ್ಞಾನಿ ಬರಬಹುದೆಂಬುದು ಅವರಿಗೆ ಹೊಸ ಸಂಗತಿ.

ಮನೆ ತುಂಬ ಸಾಹಿತ್ಯ ಮತ್ತು ರಾಜಕೀಯದ ಮಾತು. ಮಗ ಆರಿಸಿಕೊಂಡದ್ದು ಸಸ್ಯಶಾಸ್ತ್ರ. ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸಂಶೋಧನೆಗೆ ತೊಡಗಿ, ಮೈಸೂರು ವಿಶ್ವವಿದ್ಯಾಲಯದ ಡಿ.ಎಸ್ಸಿ. ಪದವಿ ಪಡೆದರು. ಆ ಕಾಲಕ್ಕೆ ಭಾರತದಲ್ಲಿ ಸಸ್ಯಭ್ರೂಣಶಾಸ್ತ್ರ ಹುರುಪಿನಿಂದ ಬೆಳೆಯುತ್ತಿದ್ದ ಕ್ಷೇತ್ರ. ಪಂಚಾನನ ಮಾಹೇಶ್ವರಿ ಅದರ ಮುಂದಾಳು. ಬೆಲೆಬಾಳುವ ಯಂತ್ರಗಳಿಲ್ಲದ ದೇಶದಲ್ಲೂ ಮಾಡಬಹುದಾದ ಕೆಲಸವದು. ಸೂಕ್ಷ್ಮದರ್ಶಕ, ತೆಳುಪದರ ಕತ್ತರಿಸುವ ಮೈಕ್ರೊಟೋಮ್, ಮೇಣ, ಬಣ್ಣ, ಪೆನ್ಸಿಲು, ಇವೆಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಇದ್ದರೆ ಸಾಕಿತ್ತು.

1940ರ ದಶಕದಲ್ಲಿ ಸ್ವಾಮಿ ಹಿಡಿದದ್ದು ಆರ್ಕಿಡ್‌ಗಳನ್ನು, ಮಲೆನಾಡಿನವರು ಸೀತಾಳೆ ಎನ್ನುವ ಗಿಡಗಳ ಬಳಗವನ್ನು. ಸಿಂಬಿಡಿಯಮ್, ವ್ಯಾಂಡಾ, ಹ್ಯಾಬೆನೇರಿಯ ಮೊದಲಾದ ಕುಲಗಳ ಭ್ರೂಣಶಾಸ್ತ್ರವನ್ನು ಕುರಿತು ಒಂದಾದ ಮೇಲೊಂದು ಲೇಖನ ಪ್ರಕಟಿಸಿದರು. ಈ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಮಕ್ಕಳಿಗೆ ವಿವರಿಸಬೇಕು, ಏಕೆಂದರೆ ಪಠ್ಯಪುಸ್ತಕದ ಒಂದು ಚಿತ್ರದ ಹಿಂದೆ ಎಷ್ಟು ಬೆವರಿದೆ ಎಂಬುದು ಆಗ ಗೊತ್ತಾಗುತ್ತದೆ. ಹೂವಿಗೆ ಪರಾಗ ಮುಟ್ಟಿಸಿದ ದಿನವನ್ನು ಬರೆದಿಟ್ಟು, ಬೇರೆ ಬೇರೆ ದಿನಗಳಂದು ಅಂಡಾಶಯಗಳನ್ನು ಕಿತ್ತು, ಕೊಳೆಯದಂತೆ ದ್ರಾವಣದಲ್ಲಿ ಅದ್ದಬೇಕು. ಆಮೇಲೆ ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಬೇಕು. ಕೊನೆಗೆ ನೂರಾರು ತುಣುಕುಗಳನ್ನು ಸಾಲಾಗಿ ನೋಡಿ, ಯಾವುದು ಮೊದಲು, ಯಾವುದು ನಂತರ ಎಂದು ಜೋಡಿಸಿ, ಕೈಯಿಂದ ಚಿತ್ರ ಬರೆಯಬೇಕು. ಸತ್ತ ಕೋಶಗಳ ನಿಶ್ಚಲ ಚಿತ್ರಗಳಿಂದ ಒಂದು ಜೀವಂತ ನಡೆಯನ್ನು ಊಹಿಸಿ ಕಟ್ಟುವ ಕೆಲಸ ಇದು.

ಆರ್ಕಿಡ್ ಏಕೆ? ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಗಿಡವಿಲ್ಲ. ದಾಸವಾಳ ಅರಳುವ ಹೊತ್ತಿಗೆ ಅದರ ಅಂಡಾಶಯದಲ್ಲಿ ಅಂಡಕಗಳು ಸಿದ್ಧವಾಗಿರುತ್ತವೆ. ಆರ್ಕಿಡ್‌ನಲ್ಲಿ ಹಾಗಲ್ಲ. ಹೂವು ಅರಳಿದಾಗಲೂ ಅಂಡಕಗಳು ಬೆಳೆದಿರುವುದಿಲ್ಲ. ಪರಾಗ ಬಂದು ಕೂತ ಮೇಲಷ್ಟೇ ಅವು ಬೆಳೆಯಲು ಶುರುವಾಗುತ್ತವೆ. ನಿಶೇಚನ ನಡೆಯಲು ವಾರಗಳು, ಕೆಲವು ಜಾತಿಗಳಲ್ಲಿ ತಿಂಗಳುಗಳೇ ಹಿಡಿಯುತ್ತವೆ. ನೆಂಟರು ಬಾಗಿಲು ತಟ್ಟಿದ ಮೇಲೆ ಒಲೆ ಹಚ್ಚುವ ಮನೆಯ ಹಾಗೆ. ಅಂದರೆ ಪರಾಗದಿಂದ ಅಂಡಾಶಯಕ್ಕೆ ಏನೋ ಒಂದು ಸುದ್ದಿ ಹೋಗಲೇಬೇಕು. ಜರ್ಮನಿಯ ಹ್ಯಾನ್ಸ್ ಫಿಟಿಂಗ್ 1909ರ ಹೊತ್ತಿಗೇ ಇದರ ಸುಳಿವು ಹಿಡಿದಿದ್ದರು. ಸತ್ತ ಪರಾಗವನ್ನು ಆರ್ಕಿಡ್ ಹೂವಿನ ಮೇಲಿಟ್ಟರೂ ಹೂವು ಬಾಡಿ, ಅದರ ನಡುವಿನ ಸ್ತಂಭ ಊದಿಕೊಳ್ಳುವುದನ್ನು ಅವರು ಕಂಡರು. ಪ್ರಾಣಿಗಳ ವಿಷಯದಲ್ಲಿ 1905ರಲ್ಲಿ ಬಳಕೆಗೆ ಬಂದಿದ್ದ ಹಾರ್ಮೋನು ಎಂಬ ಮಾತನ್ನು ಗಿಡಕ್ಕೂ ಅನ್ವಯಿಸಿದರು. ಪರಾಗದಲ್ಲಿ ಆಕ್ಸಿನ್ ಇದೆ ಎಂಬುದು ಮುಂದೆ ತಿಳಿಯಿತು. ನಮ್ಮ ಮೊದಲ ಘಟಕದ ಆಕ್ಸಿನ್ ಹೀಗೆ ಎರಡನೆಯ ಘಟಕದ ಹೂವಿನೊಳಗೆ ಬಂದು ಕೂರುತ್ತದೆ.

ಸುದ್ದಿ ಯಾವುದೆಂದು ಹುಡುಕುವುದು ಸ್ವಾಮಿಯವರ ಕೆಲಸವಾಗಿರಲಿಲ್ಲ. ಸುದ್ದಿ ಮುಟ್ಟಿದ ಮೇಲೆ ಯಾವ ಕೋಶ ಎಷ್ಟು ಬಾರಿ ವಿಭಜಿಸುತ್ತದೆ, ಭ್ರೂಣಚೀಲದಲ್ಲಿ ಎಷ್ಟು ಕೋಶಕೇಂದ್ರಗಳು ಉಳಿಯುತ್ತವೆ, ಭ್ರೂಣ ಯಾವ ಕ್ರಮದಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಅವರು ಜಾತಿಯಿಂದ ಜಾತಿಗೆ ದಾಖಲಿಸಿದರು. ಆರ್ಕಿಡ್‌ನ ಒಂದು ಕಾಯಿಯಲ್ಲಿ ಧೂಳಿನಂಥ ಲಕ್ಷಗಟ್ಟಲೆ ಬೀಜಗಳು. ಒಳಗಿನ ಭ್ರೂಣಕ್ಕೆ ಸಾಮಾನ್ಯವಾಗಿ ಬೀಜದಳವೂ ಇಲ್ಲ, ಬುತ್ತಿ ಕಟ್ಟಿಕೊಡುವ ಭ್ರೂಣಾಹಾರವೂ ಇಲ್ಲ. ಕೆಲವೇ ಕೋಶಗಳ ಒಂದು ಉಂಡೆ, ಅಷ್ಟೆ. ಸರಿಯಾದ ಶಿಲೀಂಧ್ರ ಸಿಕ್ಕಾಗ ಮಾತ್ರ ಕಾಡಿನಲ್ಲಿ ಅದು ಮೊಳೆಯುತ್ತದೆ.

1940ರ ದಶಕದ ಕೊನೆಗೆ ಸ್ವಾಮಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ಸಸ್ಯಶಾಸ್ತ್ರಜ್ಞರೊಡನೆ ಕೆಲಸ. ಹೂಬಿಡುವ ಗಿಡಗಳಲ್ಲಿ ಅತಿ ಪ್ರಾಚೀನ ಲಕ್ಷಣ ಉಳಿಸಿಕೊಂಡವುಗಳನ್ನು ಇಬ್ಬರೂ ಸೇರಿ ಪರೀಕ್ಷಿಸಿದರು. 1948ರಲ್ಲಿ ಅವರು ಬರೆದ ಲೇಖನವೊಂದು ನ್ಯೂ ಕ್ಯಾಲೆಡೋನಿಯಾ ದ್ವೀಪದ ಅಂಬೊರೆಲ್ಲ ಎಂಬ ಪೊದೆಯ ಕುರಿತದ್ದು. ನೀರು ಸಾಗಿಸುವ ವಾಹಿನಿಗಳೇ ಅದರ ಕಾಂಡದಲ್ಲಿಲ್ಲ ಎಂಬುದನ್ನು ತೋರಿಸಿ, ಅದು ಬೇರೆಯೇ ಬಗೆಯ ಗಿಡವೆಂದು ಹೇಳಿದರು. ಅರ್ಧ ಶತಮಾನ ಕಳೆದು 1999ರಲ್ಲಿ ಡಿಎನ್ಎ ಅಧ್ಯಯನಗಳು ಇದೇ ಅಂಬೊರೆಲ್ಲವನ್ನು ಹೂಗಿಡಗಳ ವಂಶವೃಕ್ಷದ ಬುಡದ ಕವಲಿನಲ್ಲಿ ಇರಿಸಿದವು.

ಇನ್ನೊಂದು ಲೇಖನ 1951ರದು. ಅದು ನಮ್ಮ ಪಾಠಕ್ಕೆ ನೇರವಾಗಿ ಒದಗುತ್ತದೆ. ಶಲಾಕೆ ಎಂಬುದು ಮೂಲದಲ್ಲಿ ನಡುವೆ ಮಡಿಸಿದ ಎಲೆಯಂಥ ರಚನೆ, ಕೆಲವು ಪ್ರಾಚೀನ ಗಿಡಗಳಲ್ಲಿ ಅದರ ಅಂಚುಗಳು ಇನ್ನೂ ಪೂರ್ತಿ ಬೆಸೆದುಕೊಂಡಿಲ್ಲ ಎಂದು ಬೈಲಿ ಮತ್ತು ಸ್ವಾಮಿ ತೋರಿಸಿದರು. ಅಂಥ ಹೂವಿನಲ್ಲಿ ತುದಿಯಲ್ಲಿ ಪುಟ್ಟ ಶಲಾಕಾಗ್ರವಿಲ್ಲ. ಅಂಚಿನುದ್ದಕ್ಕೂ ಸೂಕ್ಷ್ಮ ರೋಮಗಳಿವೆ. ಪರಾಗ ಅಲ್ಲಿ ಕೂತು, ಪರಾಗನಳಿಕೆ ರೋಮಗಳ ನಡುವೆ ನುಸುಳಿ ಅಂಡಕ ಸೇರುತ್ತದೆ. ತರಗತಿಯಲ್ಲಿ ನಾನು ವೀಳ್ಯದೆಲೆಯೊಂದನ್ನು ಉದ್ದಕ್ಕೆ ಮಡಿಸಿ, ಒಳಗೆ ಕಡಲೆಬೇಳೆ ಅಂಟಿಸಿ ಇದನ್ನು ತೋರಿಸಿದೆ. ನಂತರ ಬಟಾಣಿ ಕಾಯಿಯನ್ನು ಹೊಲಿಗೆಯ ಸಾಲಿನಲ್ಲಿ ಬಿಡಿಸಿ ಕೊಟ್ಟಾಗ ಅದೂ ಮಡಿಸಿದ ಎಲೆಯ ಹಾಗೆಯೇ ಇದೆಯಲ್ಲ ಎಂದು ಮಕ್ಕಳೇ ಹೇಳಿದರು.

1953ರಲ್ಲಿ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದರು. ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ತಾವು ಹೆಸರಿಟ್ಟ ಸಸ್ಯಗಳಲ್ಲಿ ಒಂದಕ್ಕೆ ಬೈಲಿಯವರ ಹೆಸರನ್ನೂ ಇನ್ನೊಂದಕ್ಕೆ ಮಾಹೇಶ್ವರಿಯವರ ಹೆಸರನ್ನೂ ಕೊಟ್ಟು ಗುರುಋಣ ತೀರಿಸಿದರು. ತಮಿಳು ಸಾಹಿತ್ಯ, ಶಾಸನಗಳನ್ನು ಓದಿ ವಾದಕ್ಕೂ ಇಳಿದರು. ಕಾಲೇಜಿನ ಒಳಗಿನ ನಗೆಪಾಟಲನ್ನು ‘ಕಾಲೇಜು ರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಮುಂತಾದ ಪುಸ್ತಕಗಳಲ್ಲಿ ಬರೆದರು. ‘ಹಸಿರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಶಿಕ್ಷಕರಾಗುವ ನಮಗೆ ಆ ಪುಸ್ತಕ ಒಂದು ದೊಡ್ಡ ಪಾಠ ಯೋಜನೆ ಇದ್ದಂತೆ. ಅದರಲ್ಲಿ ಗಿಡದ ಹೆಸರು ಮೊದಲು ಬರುವುದಿಲ್ಲ. ಮೊದಲು ದಾರಿ, ಹಸಿವು, ತಮಾಷೆ, ಕಣ್ಣಿಗೆ ಬಿದ್ದ ಒಂದು ವಿಚಿತ್ರ ಎಲೆ. ಪ್ರಶ್ನೆ ಹುಟ್ಟಿದ ಮೇಲೆ ಹೆಸರು, ಆಮೇಲೆ ವಿವರ. ನಾವು ಪಾಠ ಯೋಜನೆಯಲ್ಲಿ ಪ್ರೇರಣೆ ಎಂದು ಒಂದು ಅಂಕಣ ಬರೆದು ಎರಡು ನಿಮಿಷದಲ್ಲಿ ಮುಗಿಸುವುದನ್ನು ಅವರು ಪ್ರವಾಸದ ಉದ್ದಕ್ಕೂ ಮಾಡುತ್ತಾರೆ. ಚಿತ್ರಗಳನ್ನೂ ತಾವೇ ಬರೆದಿದ್ದಾರೆ. ಕೈ ಬರೆಯುವಾಗ ಕಣ್ಣು ತಪ್ಪಿಸಿಕೊಳ್ಳಲಾರದು ಎಂಬುದು ಭ್ರೂಣಶಾಸ್ತ್ರ ಕಲಿಸಿದ ಅಭ್ಯಾಸವಿರಬೇಕು.

ನಿವೃತ್ತಿಯ ನಂತರ ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲಸ ಮುಂದುವರಿಯಿತು. ಕೆ.ವಿ. ಕೃಷ್ಣಮೂರ್ತಿಯವರೊಡನೆ ಬರೆದ, ಹೂವಿನಿಂದ ಹಣ್ಣಿನವರೆಗಿನ ಭ್ರೂಣಶಾಸ್ತ್ರವನ್ನು ವಿವರಿಸುವ ಇಂಗ್ಲಿಷ್ ಗ್ರಂಥ 1980ರಲ್ಲಿ ಹೊರಬಂತು. ಅದೇ ವರ್ಷ ನವೆಂಬರಿನಲ್ಲಿ ಸ್ವಾಮಿ ತೀರಿಕೊಂಡರು. ಅರವತ್ತೆರಡರ ಆಸುಪಾಸಿನ ವಯಸ್ಸು.

ಅವರು ಹೋದ ಮೇಲೆ ನಡೆದದ್ದನ್ನೂ ಮಕ್ಕಳಿಗೆ ಹೇಳಬೇಕು. ಭ್ರೂಣಚೀಲದಲ್ಲಿ ಅಂಡಕೋಶದ ಪಕ್ಕ ಎರಡು ಸಹಾಯಕ ಕೋಶಗಳಿರುತ್ತವೆ. ಸ್ವಾಮಿಯವರ ತಲೆಮಾರು ಅವನ್ನು ಸಾವಿರಾರು ಬಾರಿ ನೋಡಿ, ಬರೆದು, ಪರಾಗನಳಿಕೆ ಸಾಮಾನ್ಯವಾಗಿ ಇವುಗಳಲ್ಲಿ ಒಂದರೊಳಗೆ ನುಗ್ಗುತ್ತದೆಂದು ದಾಖಲಿಸಿತ್ತು. ಅವು ನಳಿಕೆಯನ್ನು ಕರೆಯುತ್ತಿರಬಹುದೆಂಬುದು ಆಗ ಊಹೆ ಮಾತ್ರ. 2001ರಲ್ಲಿ ಜಪಾನಿನ ತೆತ್ಸುಯಾ ಹಿಗಾಶಿಯಾಮ ಮತ್ತು ಸಂಗಡಿಗರು ಟೊರೇನಿಯಾ ಗಿಡದಲ್ಲಿ ಭ್ರೂಣಚೀಲದ ಕೋಶಗಳನ್ನು ಲೇಸರ್ ಕಿರಣದಿಂದ ಒಂದೊಂದಾಗಿ ಕೊಂದು ನೋಡಿದರು. ಬೇರೆ ಕೋಶ ಸತ್ತರೂ ನಳಿಕೆ ಬರುತ್ತಿತ್ತು. ಎರಡೂ ಸಹಾಯಕ ಕೋಶಗಳು ಸತ್ತರೆ ಬರಲಿಲ್ಲ. 2009ರಲ್ಲಿ ಆ ಕರೆಯ ವಸ್ತುವೂ ಸಿಕ್ಕಿತು: ಸಹಾಯಕ ಕೋಶಗಳು ಹೊರಬಿಡುವ ಪುಟ್ಟ ಪ್ರೋಟೀನುಗಳು. ನಿಶೇಚನ ಮುಗಿದ ಮೇಲೆ ಆ ಕರೆ ನಿಲ್ಲುತ್ತದೆ, ಇಲ್ಲದಿದ್ದರೆ ಇನ್ನಷ್ಟು ನಳಿಕೆಗಳು ನುಗ್ಗುತ್ತವೆ. ಹಳೆಯ ಚಿತ್ರಗಳಲ್ಲಿ ಮೂಕವಾಗಿ ನಿಂತಿದ್ದ ಕೋಶಗಳಿಗೆ ಹೀಗೆ ಮಾತು ಬಂತು. ಯಾವ ಕೋಶ ಎಲ್ಲಿದೆ ಎಂಬ ನಂಬಲರ್ಹ ನಕ್ಷೆ ಮೊದಲೇ ಇದ್ದುದರಿಂದಲೇ ಯಾವ ಕೋಶವನ್ನು ಪರೀಕ್ಷಿಸಬೇಕೆಂಬುದು ಗೊತ್ತಾಯಿತು.

ಇದನ್ನು ತರಗತಿಯಲ್ಲಿ ತೋರಿಸಲು ಒಂದು ಸುಲಭ ಪ್ರಯೋಗವಿದೆ. ನೂರು ಮಿಲಿಲೀಟರ್ ನೀರಿಗೆ ಹತ್ತು ಗ್ರಾಂ ಸಕ್ಕರೆ ಬೆರೆಸಿ, ಅದರ ಹನಿಯೊಂದರ ಮೇಲೆ ನಿತ್ಯಪುಷ್ಪ ಅಥವಾ ಕರ್ಣಕುಂಡಲದ ಹೊಸ ಪರಾಗ ಉದುರಿಸಿ ಅರ್ಧ ಗಂಟೆ ಬಿಟ್ಟರೆ, ಶಾಲೆಯ ಸೂಕ್ಷ್ಮದರ್ಶಕದಲ್ಲೇ ಪರಾಗನಳಿಕೆಗಳು ಕಾಣುತ್ತವೆ. ಅವು ದಿಕ್ಕಿಗೊಂದರಂತೆ ಬೆಳೆದಿರುತ್ತವೆ. ಹೂವಿನಲ್ಲಿ ನೇರ ಹೋಗುವ ನಳಿಕೆ ಇಲ್ಲೇಕೆ ಅಲೆಯುತ್ತದೆ ಎಂದು ಕೇಳಿ ಸುಮ್ಮನೆ ಕಾಯಬೇಕು. ಇಲ್ಲಿ ಅದನ್ನು ಯಾರೂ ಕರೆಯುತ್ತಿಲ್ಲ ಎಂಬ ಉತ್ತರ ಮಕ್ಕಳ ಕಡೆಯಿಂದಲೇ ಬಂತು.

ಅಲ್ಲಿಯವರೆಗೆ ಪಾಠ ಹೂವಿನದಾಗಿತ್ತು. ಅದನ್ನು ಮನುಷ್ಯರ ಕಡೆಗೆ ತಿರುಗಿಸಿದ್ದು ಒಬ್ಬ ವಿದ್ಯಾರ್ಥಿನಿ. ಅವಳ ಅಜ್ಜಿ ಕ್ಯಾನ್ಸರ್ ಚಿಕಿತ್ಸೆಗೆಂದು ಊರಿಂದ ಬಂದು ಅವರ ಮನೆಯಲ್ಲಿದ್ದರು. ಕಿದ್ವಾಯಿ ಆಸ್ಪತ್ರೆ ಸಿದ್ದಾಪುರಕ್ಕೆ ಹತ್ತಿರವಿರುವುದರಿಂದ ಇಲ್ಲಿನ ಎಷ್ಟೋ ಮನೆಗಳಿಗೆ ಹೀಗೆ ನೆಂಟರು ಬರುತ್ತಾರೆ. ಡಾಕ್ಟರು ರೋಗ ಹರಡಿದೆ ಎಂದದ್ದನ್ನು ಅವಳು ಗೆಳತಿಯರಿಗೆ ಹೇಳಿದ್ದಳು. ಮಾರನೆಯ ದಿನದಿಂದ ಬಿಸಿಯೂಟದ ಸಾಲಿನಲ್ಲಿ ಅವಳ ಪಕ್ಕ ಕೂರಲು ಕೆಲವರು ಹಿಂಜರಿದರು. ಅಜ್ಜಿಯ ತಟ್ಟೆಯಲ್ಲಿ ಉಂಡರೆ ತನಗೂ ಬರುತ್ತದೆಯೇ ಎಂದು ಅವಳು ನನ್ನನ್ನು ಕೇಳಿದಳು.

ಇಲ್ಲಿ ತೊಡಕಿದ್ದದ್ದು ಒಂದು ಕ್ರಿಯಾಪದದಲ್ಲಿ. ಕನ್ನಡದಲ್ಲಿ ನೆಗಡಿಯೂ ಹರಡುತ್ತದೆ, ಕ್ಯಾನ್ಸರೂ ಹರಡುತ್ತದೆ. ಒಂದು ಮನುಷ್ಯನಿಂದ ಮನುಷ್ಯನಿಗೆ. ಇನ್ನೊಂದು ಅದೇ ದೇಹದೊಳಗೆ, ಒಂದು ಅಂಗದಿಂದ ಇನ್ನೊಂದಕ್ಕೆ. ನಾನು ಕಪ್ಪು ಹಲಗೆಯಲ್ಲಿ ಎರಡು ಅಂಕಣ ಎಳೆದು ಎರಡು ಹರಡುವಿಕೆಗಳನ್ನು ಬೇರೆ ಮಾಡಿದೆ. ಕ್ಯಾನ್ಸರ್ ಎಂಬುದು ಜೊತೆಯಲ್ಲಿ ಕೂತು ಉಂಡರೆ, ಮುಟ್ಟಿದರೆ, ಸೇವೆ ಮಾಡಿದರೆ ಬರುವಂಥದ್ದಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಹಾಗಾದರೆ ದೇಹದೊಳಗೆ ಹೇಗೆ ಹರಡುತ್ತದೆ ಎಂಬ ಮುಂದಿನ ಪ್ರಶ್ನೆಗೆ ಹೂವಿನ ಪಾಠವೇ ನೆರವಾಯಿತು.

ಸಂಕೇತಕ್ಕೆ ಮೂರು ಭಾಗ: ಕರೆ ಹೊರಡಬೇಕು, ತಕ್ಕ ಕೋಶ ಕೇಳಬೇಕು, ಕೆಲಸ ಮುಗಿದಾಗ ಕರೆ ನಿಲ್ಲಬೇಕು. ತಾಯಿಯ ಗರ್ಭದಲ್ಲಿ ಭ್ರೂಣದ ಹೊರಪದರದ ಕೋಶಗಳು ಗರ್ಭಕೋಶದ ಗೋಡೆಯೊಳಗೆ ಇಳಿದು ಬೇರೂರುತ್ತವೆ. ಒಂದು ಮಿತಿಯಲ್ಲಿ ನಿಲ್ಲುತ್ತವೆ. ಭ್ರೂಣ ಬೆಳೆಯುವಾಗ ಕೆಲವು ಕೋಶಗಳು ನೆರೆಯವರ ಕೈಬಿಟ್ಟು ದೂರ ಸಾಗಿ ಮುಖದ ಮೂಳೆಯಾಗಿ, ಚರ್ಮದ ಬಣ್ಣದ ಕೋಶವಾಗಿ ನೆಲೆಸುತ್ತವೆ. ಜಾಗ ತಲುಪಿದ ಮೇಲೆ ಆ ಅಲೆದಾಟ ಮುಗಿಯುತ್ತದೆ. ಕ್ಯಾನ್ಸರ್ ಕೋಶದಲ್ಲಿ ಬೆಳೆ ಎಂಬ ಕರೆ ಒಳಗಿನಿಂದಲೇ ನಿಲ್ಲದೆ ಮೊಳಗುತ್ತದೆ, ನಿಲ್ಲು ಎಂಬುದು ಕೇಳುವುದಿಲ್ಲ. ಅವುಗಳಲ್ಲಿ ಕೆಲವು, ಭ್ರೂಣದ ಕಾಲದ ಆ ಹಳೆಯ ವಿದ್ಯೆಯನ್ನು ಮತ್ತೆ ಎಬ್ಬಿಸಿ, ನೆರೆಯ ಕೋಶಗಳಿಂದ ಬಿಡಿಸಿಕೊಂಡು ರಕ್ತ ಅಥವಾ ದುಗ್ಧರಸದ ದಾರಿ ಹಿಡಿಯುತ್ತವೆ.

ಗಿಡಕ್ಕೂ ಗಂಟು ಬರುತ್ತದೆ. ಒಂದು ಬಗೆಯ ಮಣ್ಣಿನ ಬ್ಯಾಕ್ಟೀರಿಯ ಗಾಯದ ಮೂಲಕ ತನ್ನ ಡಿಎನ್ಎಯ ತುಣುಕನ್ನು ಸೇರಿಸಿ, ಆಕ್ಸಿನ್ ಮತ್ತು ಸೈಟೊಕೈನಿನ್ ಅತಿಯಾಗಿ ತಯಾರಾಗುವಂತೆ ಮಾಡುತ್ತದೆ. ಕಾಂಡದ ಮೇಲೆ ಗಂಟು ಎದ್ದುಬಿಡುತ್ತದೆ. ಆದರೆ ಗಿಡದ ಕೋಶಗಳು ಗೋಡೆಯಿಂದ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ, ಗಂಟಿನ ಕೋಶ ಎದ್ದು ಬೇರೆಡೆಗೆ ಹೋಗಲಾರದು. ಈ ಹೋಲಿಕೆಯಿಂದ ಹರಡುವುದೆಂದರೆ ಕೋಶ ತನ್ನ ಜಾಗ ಬಿಟ್ಟು ಹೋಗುವುದು ಎಂಬುದು ಮಕ್ಕಳಿಗೆ ಬೇಗ ಹಿಡಿಸಿತು. ನಾವು ಪರಾಗ ತೆಗೆದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳು ಸಿಕ್ಕಿವೆ, ಅವು ಕೋಶವಿಭಜನೆಯನ್ನು ತಡೆಯುತ್ತವೆ ಎಂದಾಗ ಆ ವಿದ್ಯಾರ್ಥಿನಿ ತಮ್ಮ ಮನೆಯ ಮುಂದೆಯೂ ಆ ಗಿಡವಿದೆ ಎಂದಳು. ಔಷಧಿಯನ್ನು ಶುದ್ಧಗೊಳಿಸಿ, ಅಳೆದು ವೈದ್ಯರೇ ಕೊಡಬೇಕು, ಗಿಡ ವಿಷಕಾರಿ, ಎಲೆ ತಿನ್ನಬಾರದು ಎಂಬ ಎಚ್ಚರಿಕೆಯನ್ನು ಆಗಲೇ ಸೇರಿಸಿದೆ. ಈ ಪಾಠ ಮಾಡುವ ಎಲ್ಲರೂ ಸೇರಿಸಬೇಕು.

ಮೌಲ್ಯಮಾಪನಕ್ಕೆ ಹರಡು ಎಂಬ ಪದವನ್ನು ಎರಡು ಅರ್ಥಗಳಲ್ಲಿ ಬಳಸಿ ಎರಡು ವಾಕ್ಯ ಬರೆಯಲು ಹೇಳಿದ್ದೆ. ಒಬ್ಬ ಹುಡುಗ ಸುದ್ದಿಯೂ ಹರಡುತ್ತದೆ, ಅದು ತಪ್ಪಾಗಿ ಹರಡಿದರೆ ಊಟದ ಸಾಲು ಒಡೆಯುತ್ತದೆ ಎಂದು ಮೂರನೆಯ ವಾಕ್ಯವನ್ನೂ ಬರೆದಿದ್ದ. ಆ ವಾರದ ಕೊನೆಗೆ ಆ ಹುಡುಗಿಯ ಅಕ್ಕಪಕ್ಕದ ಜಾಗ ಖಾಲಿ ಇರಲಿಲ್ಲ.

ಮುಂದಿನ ತಂಡದವರಿಗೆ ನನ್ನ ಸಲಹೆ ಇಷ್ಟೆ. ವಿಜ್ಞಾನಿಯ ಜೀವನವನ್ನು ಪಾಠದ ಕೊನೆಯಲ್ಲಿ ಅಲಂಕಾರಕ್ಕೆಂದು ಇಡಬೇಡಿ. ಅವರು ಹಿಡಿದಿದ್ದ ಪ್ರಶ್ನೆಯಿಂದ ಪಾಠ ಶುರು ಮಾಡಿ. ಅಂಡಕದ ಚಿತ್ರವನ್ನು ಮುದ್ರಿತ ಪಟದಲ್ಲಿ ತೋರಿಸುವ ಮೊದಲು ಮಕ್ಕಳ ಕೈಯಲ್ಲೇ ಒಂದು ಹೂವಿನ ಅಂಡಾಶಯವನ್ನು ಸೀಳಿಸಿ, ಕಂಡಷ್ಟನ್ನೇ ಬರೆಸಿ. ಲಾಲ್‌ಬಾಗ್ ಹತ್ತಿರವಿರುವ ಶಾಲೆಗಳವರು ಅನುಮತಿ ಪಡೆದು ಒಂದು ಅವಧಿಯನ್ನು ಅಲ್ಲಿ ಕಳೆಯಬಹುದು. ಹೂ ಕೀಳುವುದು ಬೇಡ, ನೋಡಿ ಬರೆದರೆ ಸಾಕು. ಸ್ವಾಮಿಯವರು ಉದ್ದಕ್ಕೂ ಮಾಡಿದ್ದು ಅದನ್ನೇ: ನೋಡಿದರು, ಬರೆದರು, ಕಂಡದ್ದನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಿದರು.